ಬಡವರ ವಕೀಲರಾಗಲು ಹತ್ತು ವಾರ: ಅಮೆರಿಕದ ಲಾ ವಿದ್ಯಾರ್ಥಿಗಳ ದಾರಿ ಯಾಕೆ ಕಿರಿದಾಗುತ್ತಿದೆ?

2025ರಿಂದೀಚೆಗೆ ಅಮೆರಿಕದಿಂದ ಮೂರು ಸುದ್ದಿಗಳು ಬಿಡಿಬಿಡಿಯಾಗಿ ಬಂದವು. ಉನ್ನತ ಶಿಕ್ಷಣಕ್ಕೆ ಸರ್ಕಾರ ಕೊಡುವ ಸಾಲಕ್ಕೆ ಮಿತಿ ಬಿತ್ತು. ಸಾರ್ವಜನಿಕ ಸೇವೆಗೆ ಸೇರಿದವರ ಸಾಲ ಮನ್ನಾ ಯೋಜನೆಗೆ ಹೊಸ ಷರತ್ತು ಬಂತು. ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಸಂಸ್ಥೆಗೆ ಹಣವನ್ನೇ ನಿಲ್ಲಿಸಬೇಕು ಎಂದು ಟ್ರಂಪ್ ಸರ್ಕಾರ ಹೇಳಿತು. ಒಂದು ಶಿಕ್ಷಣದ ಸುದ್ದಿ, ಇನ್ನೊಂದು ಸಾಲದ ಸುದ್ದಿ, ಮತ್ತೊಂದು ಬಜೆಟ್ ಸುದ್ದಿ. ಒಂದಕ್ಕೊಂದು ಸಂಬಂಧ ಇಲ್ಲದಂತೆ ಕಾಣುತ್ತವೆ, ಅಲ್ವಾ?

ಆದರೆ ಮೂರೂ ಬಂದು ಕೂಡುವ ಒಂದು ಜಾಗ ಇದೆ. ಬಡವರ ಕೇಸುಗಳನ್ನು ನಡೆಸುವ ಕಚೇರಿಗಳಲ್ಲಿ ಲಾ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಮಾಡುವ ಹತ್ತು ವಾರದ ಕೆಲಸ ಅದು. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಷ್ಟು ಮಹತ್ವ ಎಂಬುದನ್ನು ಮೊದಲು ನೋಡೋಣ.

ರಜೆಯಲ್ಲೇ ತೀರ್ಮಾನವಾಗುವ ವೃತ್ತಿ

ಅಮೆರಿಕದಲ್ಲಿ ಡಿಗ್ರಿ ಮುಗಿಸಿದ ಮೇಲೆ ಮೂರು ವರ್ಷ ಲಾ ಓದಬೇಕು. ನಡುವೆ ಎರಡು ಬೇಸಿಗೆ ರಜೆ. ಹೆಸರಿಗೆ ರಜೆ, ಸುಮ್ನೆ ಮನೆಯಲ್ಲಿ ಕೂರುವವರು ಕಡಿಮೆ. ಎಲ್ಲಾದರೂ ಒಂದು ಕಚೇರಿಯಲ್ಲಿ ಹತ್ತು ವಾರ ಕೆಲಸ ಮಾಡುತ್ತಾರೆ. ಇದೇ ಸಮ್ಮರ್ ಕ್ಲರ್ಕ್‌ಶಿಪ್. ಓದು ಮುಗಿದ ಮೇಲೆ ಸಿಗುವ ಮೊದಲ ನೌಕರಿ ಬಹುಮಟ್ಟಿಗೆ ಇದರ ಮೇಲೇ ನಿಂತಿರುತ್ತದೆ.

ದಾರಿಗಳು ಎರಡು. ದೊಡ್ಡ ಕಾರ್ಪೊರೇಟ್ ಲಾ ಕಂಪನಿಗೆ ಹೋದರೆ ವಾರಕ್ಕೆ ಸುಮಾರು 4,300 ಡಾಲರ್ ಸಂಬಳ. ಹೊಸ ವಕೀಲರಿಗೆ ಆ ಕಂಪನಿಗಳು ಕೊಡುವ ವರ್ಷದ ಸಂಬಳ 2,25,000 ಡಾಲರ್. ಅದನ್ನೇ ವಾರದ ಲೆಕ್ಕಕ್ಕೆ ಇಳಿಸಿ ವಿದ್ಯಾರ್ಥಿಗೂ ಕೊಡುತ್ತವೆ. ಹತ್ತು ವಾರಕ್ಕೆ 43,000 ಡಾಲರ್ ಕೈಗೆ ಬರುತ್ತದೆ. ಬಡವರ ಕಾನೂನು ನೆರವಿನ ಕಚೇರಿಗೆ ಹೋದರೆ ಎಷ್ಟೋ ಕಡೆ ಒಂದು ಡಾಲರೂ ಇಲ್ಲ. ಅಲ್ಲಿ ಪೂರ್ಣಾವಧಿಗೆ ಸೇರಿದ ಹೊಸ ವಕೀಲರಿಗೇ ವರ್ಷಕ್ಕೆ 60 ಸಾವಿರ ಡಾಲರಿನ ಆಸುಪಾಸು ಸಂಬಳ.

ಇನ್ನೊಂದು ಗಂಟು ಸಮಯದ್ದು. ಕಂಪನಿಗಳು ವಿದ್ಯಾರ್ಥಿಗಳನ್ನು ಯಾವಾಗ ಆರಿಸಬೇಕು ಎಂಬುದಕ್ಕೆ ಮೊದಲು ಒಂದು ಸಾಮಾನ್ಯ ವೇಳಾಪಟ್ಟಿ ಇತ್ತು. 2018ರಲ್ಲಿ ಅದನ್ನು ಕೈಬಿಟ್ಟರು. ಅಲ್ಲಿಂದ ಪೈಪೋಟಿ ಶುರುವಾಯಿತು. ಎರಡನೇ ಬೇಸಿಗೆಯ ಕೆಲಸಕ್ಕೆ ಮೊದಲ ವರ್ಷ ಮುಗಿಯುವ ಮೊದಲೇ ಆಫರ್ ಕೊಡುವ ಕಂಪನಿಗಳು ಈಗ ಬೇಕಾದಷ್ಟಿವೆ. ಕಾನೂನು ನೆರವಿನ ಕಚೇರಿಗಳಿಗೆ ಮುಂದಿನ ವರ್ಷ ಎಷ್ಟು ಹಣ ಬರುತ್ತದೆ ಎಂಬುದೇ ತಡವಾಗಿ ಗೊತ್ತಾಗುತ್ತದೆ. ಅವು ಕರೆಯುವುದೂ ತಡ. ಬಡವರ ಪರ ಕೆಲಸ ಮಾಡಬೇಕೆಂಬ ಆಸೆ ಇರುವ ಹುಡುಗಿ ಒಂದು ದಿನವೂ ಅಂಥ ಕಚೇರಿ ನೋಡದೆ, ಕೈಗೆ ಬಂದ ಆಫರ್ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗುತ್ತದೆ.

ಬಡವರ ಕೇಸು ಎಂದರೆ ಏನು?

ಕಳ್ಳತನದಂಥ ಗಂಭೀರ ಆರೋಪ ಹೊತ್ತ ಬಡವನಿಗೆ ಅಮೆರಿಕದಲ್ಲಿ ಸರ್ಕಾರವೇ ವಕೀಲರನ್ನು ಕೊಡಬೇಕು. 1963ರ ಗಿಡಿಯನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತು. ಸಿವಿಲ್ ಕೇಸಿಗೆ ಈ ಹಕ್ಕು ಇಲ್ಲ. ಮನೆ ಮಾಲೀಕ ಮನೆ ಖಾಲಿ ಮಾಡಿಸುತ್ತಿದ್ದಾನೆ, ಅಂಗವಿಕಲರ ಪಿಂಚಣಿ ನಿಂತಿದೆ, ಆಹಾರದ ನೆರವು ಕಡಿತವಾಗಿದೆ, ಹೊಡೆಯುವ ಗಂಡನಿಂದ ರಕ್ಷಣೆಯ ಆದೇಶ ಬೇಕಿದೆ. ಇವೆಲ್ಲ ಸಿವಿಲ್. 1981ರ ಲ್ಯಾಸಿಟರ್ ಕೇಸಿನಲ್ಲಿ ಇನ್ನೂ ಕಟುವಾದ ಮಾತು ಬಂತು. ತಾಯಿಯೊಬ್ಬಳು ಮಗುವಿನ ಮೇಲಿನ ಹಕ್ಕನ್ನೇ ಕಳೆದುಕೊಳ್ಳುವ ಪ್ರಕರಣದಲ್ಲೂ ಸರ್ಕಾರ ವಕೀಲರನ್ನು ಕೊಡಲೇಬೇಕೆಂದಿಲ್ಲ ಎಂದು ಕೋರ್ಟ್ ಹೇಳಿತು. ನ್ಯೂಯಾರ್ಕ್ ನಗರ 2017ರಲ್ಲಿ ಮನೆ ಖಾಲಿ ಮಾಡಿಸುವ ಕೇಸುಗಳಿಗೆ ಇಂಥ ಹಕ್ಕು ಕೊಟ್ಟಿತು. ಆಮೇಲೆ ಕೆಲವು ನಗರಗಳು, ರಾಜ್ಯಗಳು ಅದೇ ದಾರಿ ಹಿಡಿದವು. ಉಳಿದ ಕಡೆ ಉಚಿತ ನೆರವಿನ ಕಚೇರಿಯೇ ಗತಿ.

ಆ ಕಚೇರಿಗಳಿಗೆ ಹಣ ಕೊಡುವ ಮುಖ್ಯ ಸಂಸ್ಥೆ ಲೀಗಲ್ ಸರ್ವೀಸಸ್ ಕಾರ್ಪೊರೇಷನ್, ಚಿಕ್ಕದಾಗಿ ಎಲ್‌ಎಸ್‌ಸಿ. ಇದು ದೇಶದ ಸುಮಾರು 130 ಸಂಸ್ಥೆಗಳಿಗೆ ಹಣ ಹಂಚುತ್ತದೆ. ಸರ್ಕಾರ ಗೊತ್ತುಮಾಡಿದ ಬಡತನದ ರೇಖೆಯ ಶೇ. 125ರಷ್ಟು ಅಥವಾ ಅದಕ್ಕಿಂತ ಕಡಿಮೆ ಆದಾಯ ಇರುವವರು ಸಾಮಾನ್ಯವಾಗಿ ಅರ್ಹರು. ಅಂಥವರು ಸುಮಾರು 5 ಕೋಟಿ ಜನ. 2024ರ ಅನುದಾನ 56 ಕೋಟಿ ಡಾಲರ್. ಭಾಗಿಸಿದರೆ ತಲೆಗೆ ಹನ್ನೊಂದು ಡಾಲರ್ ಚಿಲ್ಲರೆ. ಬಡವರ ಗಂಭೀರ ಸಿವಿಲ್ ಸಮಸ್ಯೆಗಳಲ್ಲಿ ಶೇ. 92ಕ್ಕೆ ನೆರವು ಸಿಗುವುದೇ ಇಲ್ಲ, ಸಿಕ್ಕರೂ ಸಾಲುವುದಿಲ್ಲ ಎಂದು ಎಲ್‌ಎಸ್‌ಸಿಯೇ 2022ರ ವರದಿಯಲ್ಲಿ ಹೇಳಿದೆ.

ವಿದ್ಯಾರ್ಥಿ ಬಂದು ನಿಲ್ಲುವುದು ಇಲ್ಲಿ. ಫೋನ್ ಮಾಡಿದವರ ಕಷ್ಟ ಕೇಳಿ ಬರೆದುಕೊಳ್ಳುವುದು, ನೋಟಿಸಿಗೆ ಗಡುವಿನೊಳಗೆ ಉತ್ತರ ಸಿದ್ಧಮಾಡುವುದು, ವೈದ್ಯಕೀಯ ದಾಖಲೆ ತರಿಸುವುದು ದಿನನಿತ್ಯದ ಕೆಲಸ. ಅಷ್ಟೇ ಅಲ್ಲ. ಆಹಾರ ನೆರವು, ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ವಿಚಾರಣೆಗಳಲ್ಲಿ ವಕೀಲರಲ್ಲದವರೂ ಅರ್ಜಿದಾರರ ಪರ ಹಾಜರಾಗಬಹುದು. ಜತೆಗೆ, ಹಿರಿಯ ವಕೀಲರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ನ್ಯಾಯಾಧೀಶರ ಮುಂದೆ ವಾದಿಸಲು ರಾಜ್ಯಗಳ ನಿಯಮಗಳು ಅವಕಾಶ ಕೊಡುತ್ತವೆ. ಇಲಿನಾಯ್‌ನಲ್ಲಿ ಇದಕ್ಕೆ ನಿಯಮ 711 ಇದೆ. ಓದಿನ ಹಂತ ಇಷ್ಟಿರಬೇಕು ಎಂಬ ಷರತ್ತು ಇರುವುದರಿಂದ ಎರಡನೇ ಬೇಸಿಗೆಯಲ್ಲಿ ಈ ಅವಕಾಶ ಜಾಸ್ತಿ.

ಹಾಗಂತ ವಿದ್ಯಾರ್ಥಿಗಳನ್ನು ಪುಕ್ಕಟೆ ಕೂಲಿಯಾಳು ಎಂದುಕೊಂಡರೆ ತಪ್ಪಾಗುತ್ತದೆ. ಅವರಿಗೆ ಕಲಿಸಲು, ಅವರು ಬರೆದದ್ದನ್ನು ತಿದ್ದಲು ಹಿರಿಯರ ಸಮಯ ಬೇಕು. ಹತ್ತು ವಾರದಲ್ಲಿ ಮೊದಲ ಕೆಲವು ವಾರ ಕಚೇರಿಗೆ ಲಾಭಕ್ಕಿಂತ ಖರ್ಚೇ ಜಾಸ್ತಿ ಎನ್ನಬಹುದು. ಆದರೂ ಕರೆಯುತ್ತಾರೆ. ಯಾಕೆಂದರೆ ನಾಳೆ 60 ಸಾವಿರ ಡಾಲರಿಗೆ ಅಲ್ಲಿ ಕೆಲಸಕ್ಕೆ ನಿಲ್ಲುವವರು ಬಹುತೇಕ ಈ ಸಾಲಿನಿಂದಲೇ ಬರಬೇಕು.

ಈ ಜಗ್ಗಾಟ ಹೊಸದಲ್ಲ

1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಬಡತನ ನಿವಾರಣೆ ಕಾರ್ಯಕ್ರಮದ ಅಡಿ ಸರ್ಕಾರಿ ಹಣದ ಕಾನೂನು ನೆರವು ಶುರುವಾಯಿತು. ವಕೀಲರು ಸುಮ್ಮನೆ ಅರ್ಜಿ ಬರೆದುಕೊಟ್ಟು ಕೂರಲಿಲ್ಲ, ಸರ್ಕಾರದ ಮೇಲೇ ಕೇಸು ಹಾಕಿದರು, ಗೆದ್ದರು. ಬಡವರಿಗೆ ಕೊಡುವ ನೆರವನ್ನು ವಿಚಾರಣೆ ನಡೆಸದೆ ನಿಲ್ಲಿಸುವಂತಿಲ್ಲ ಎಂಬ 1970ರ ಗೋಲ್ಡ್‌ಬರ್ಗ್ ತೀರ್ಪು ಆ ಕಾಲದ್ದೇ. ಗೆದ್ದದ್ದೇ ಕಷ್ಟಕ್ಕೂ ದಾರಿಯಾಯಿತು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವ ಕೂಲಿಕಾರರ ಪರ ನಿಂತ ಸಂಸ್ಥೆಯೊಂದರ ಅನುದಾನವನ್ನು 1970ರ ಕೊನೆಯಲ್ಲಿ ಅಂದಿನ ಗವರ್ನರ್ ರೊನಾಲ್ಡ್ ರೇಗನ್ ತಡೆಹಿಡಿದರು. ತನಿಖೆಗೆ ನೇಮಿಸಿದ ಆಯೋಗ ಆರೋಪಗಳಲ್ಲಿ ಹುರುಳಿಲ್ಲ ಎಂದಿತು.

ರಾಜಕೀಯದ ಕೈ ನೇರವಾಗಿ ತಾಗದಿರಲಿ ಎಂದೇ 1974ರಲ್ಲಿ ಎಲ್‌ಎಸ್‌ಸಿಯನ್ನು ಪ್ರತ್ಯೇಕ ನಿಗಮವಾಗಿ ಮಾಡಿದರು. ಅದರ ಕಾಯ್ದೆಗೆ ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಎಂಬುದನ್ನು ಇವತ್ತು ಎರಡೂ ಕಡೆಯವರು ಮರೆತಂತಿದೆ. ರೇಗನ್ ಅಧ್ಯಕ್ಷರಾದ ಮೇಲೆ ಇದನ್ನು ಮುಚ್ಚಲು ಹೊರಟರು. ಮುಚ್ಚಲಿಲ್ಲ, ಆದರೆ ಅನುದಾನ 32.1 ಕೋಟಿಯಿಂದ 24.1 ಕೋಟಿ ಡಾಲರಿಗೆ ಇಳಿಯಿತು. 1996ರಲ್ಲಿ ಮತ್ತೆ 40 ಕೋಟಿಯಿಂದ 27.8 ಕೋಟಿಗೆ ಬಿತ್ತು. ಈ ಹಣ ಪಡೆಯುವ ಸಂಸ್ಥೆ ನೂರಾರು ಜನರ ಪರ ಒಟ್ಟಾಗಿ ಒಂದೇ ದಾವೆ ಹೂಡುವಂತಿಲ್ಲ, ವಲಸಿಗರಲ್ಲಿ ಬಹಳ ಮಂದಿಯ ಕೇಸು ಹಿಡಿಯುವಂತಿಲ್ಲ ಎಂಬ ನಿರ್ಬಂಧಗಳೂ ಆಗಲೇ ಬಿಗಿಯಾದವು. ಟ್ರಂಪ್ ತಮ್ಮ ಮೊದಲ ಅವಧಿಯ ಪ್ರತಿ ಬಜೆಟ್‌ನಲ್ಲೂ ಎಲ್‌ಎಸ್‌ಸಿ ರದ್ದು ಮಾಡಿ ಎಂದರು. ಸಂಸತ್ತು ಕೇಳಲಿಲ್ಲ. 2026ರ ಸಾಲಿನ ಪ್ರಸ್ತಾವದಲ್ಲೂ ಅದೇ ಮಾತು ಬಂತು.

ಹಾಗಾದರೆ ಈಗ ಹೊಸದೇನು? ಅನುದಾನದ ಜಗಳ ಹಳೆಯದೇ. ಅದರ ಜತೆಗೆ ವಿದ್ಯಾರ್ಥಿಯ ಸಾಲದ ನಿಯಮ ಬದಲಾಗಿದೆ. ಪೆಟ್ಟು ಜೋರಾಗಿ ಬೀಳುವುದು ಅಲ್ಲಿ.

ಖಾಲಿ ಕೈಯ ಬೇಸಿಗೆಗೆ ಹಣ ಎಲ್ಲಿಂದ?

ಸಂಬಳವಿಲ್ಲದ ಹತ್ತು ವಾರವನ್ನು ವಿದ್ಯಾರ್ಥಿ ಹೇಗೆ ಕಳೆಯುತ್ತಾನೆ? ಸರ್ಕಾರಿ ಸಾಲ ಸಾಮಾನ್ಯವಾಗಿ ತರಗತಿ ನಡೆಯುವ ತಿಂಗಳುಗಳ ಖರ್ಚಿಗೆ ಮಾತ್ರ. ಬೇಸಿಗೆಯ ಬಾಡಿಗೆಯನ್ನು ಹೇಗಾದರೂ ಹೊಂದಿಸಬೇಕು. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ವಿದ್ಯಾರ್ಥಿಗಳನ್ನು ಸಂಬಳವಿಲ್ಲದೆ ದುಡಿಸಿಕೊಳ್ಳುವುದನ್ನು ಅಲ್ಲಿನ ಕಾರ್ಮಿಕ ಕಾನೂನು ತಡೆಯುವುದಿಲ್ಲ. ಕಾಲೇಜುಗಳು ಸಣ್ಣ ಅನುದಾನ ಕೊಡುತ್ತವೆ. ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳೇ ಹರಾಜು ನಡೆಸಿ, ಚಂದಾ ಎತ್ತಿ ಸಹಪಾಠಿಗಳ ಬೇಸಿಗೆ ಖರ್ಚಿಗೆ ಹಣ ಕೂಡಿಸುತ್ತವೆ. ಹಳ್ಳಿ ಕಡೆಯ ಕಚೇರಿಗಳಿಗೆ ವಿದ್ಯಾರ್ಥಿಗಳನ್ನು ಕಳಿಸಲು ಎಲ್‌ಎಸ್‌ಸಿ ಮತ್ತು ಈಕ್ವಲ್ ಜಸ್ಟಿಸ್ ವರ್ಕ್ಸ್ ಎಂಬ ಸಂಸ್ಥೆ ಸೇರಿ ರೂರಲ್ ಸಮ್ಮರ್ ಲೀಗಲ್ ಕೋರ್ ಎಂಬ ಯೋಜನೆ ಮಾಡಿದವು. ಎಲ್‌ಎಸ್‌ಸಿ ಮುಚ್ಚಿದರೆ ಇಂಥದ್ದಕ್ಕೂ ಬುಡ ಇರುವುದಿಲ್ಲ.

ವಿಚಿತ್ರವಾದ ಮೂಲ ಇನ್ನೊಂದಿದೆ. ವಕೀಲರು ಕಕ್ಷಿದಾರರ ಹಣವನ್ನು ತಾತ್ಕಾಲಿಕವಾಗಿ ಒಂದು ಸಾಮಾನ್ಯ ಖಾತೆಯಲ್ಲಿ ಇಟ್ಟಿರುತ್ತಾರೆ. ಅದರ ಬಡ್ಡಿ ಬಡವರ ಕಾನೂನು ನೆರವಿಗೆ ಹೋಗುತ್ತದೆ. 1981ರಲ್ಲಿ ಫ್ಲೋರಿಡಾದಲ್ಲಿ ಶುರುವಾದ ಈ ಪದ್ಧತಿ ಈಗ ದೇಶದ ತುಂಬ ಇದೆ. ಬಡ್ಡಿದರ ಚೆನ್ನಾಗಿದ್ದಾಗ ಹಣ ಹರಿಯುತ್ತದೆ. 2008ರ ಆರ್ಥಿಕ ಕುಸಿತದ ನಂತರ ದರ ಸೊನ್ನೆಯ ಹತ್ತಿರಕ್ಕೆ ಬಂದಾಗ ಈ ವರಮಾನ ನೆಲಕಚ್ಚಿತು. ಅಂದರೆ ಜನ ಮನೆ, ಕೆಲಸ ಕಳೆದುಕೊಂಡು ಕಾನೂನು ನೆರವಿನ ಬಾಗಿಲಿಗೆ ಬಂದ ಹೊತ್ತಿಗೇ ಕಚೇರಿಯ ಪೆಟ್ಟಿಗೆ ಖಾಲಿ.

ಸಾಲದ ಲೆಕ್ಕ

2006ರಿಂದ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇತ್ತು. ಓದಿನ ಒಟ್ಟು ಖರ್ಚು ಎಷ್ಟೋ ಅಷ್ಟರವರೆಗೂ ಸಾಲ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಒನ್ ಬಿಗ್ ಬ್ಯೂಟಿಫುಲ್ ಬಿಲ್ ಕಾಯ್ದೆ ಇದನ್ನು ಹೊಸಬರಿಗೆ ನಿಲ್ಲಿಸುತ್ತದೆ. 2026ರ ಜುಲೈ 1ರಿಂದ ಲಾ ವಿದ್ಯಾರ್ಥಿಗೆ ವರ್ಷಕ್ಕೆ 50,000 ಡಾಲರ್, ಒಟ್ಟಾರೆ 2 ಲಕ್ಷ ಡಾಲರ್ ಮಿತಿ. ಮೂರೇ ವರ್ಷದ ಕೋರ್ಸ್ ಆದ್ದರಿಂದ ನಿಜವಾಗಿ ಸಿಗುವುದು ಒಂದೂವರೆ ಲಕ್ಷ. ಹೆಸರುವಾಸಿ ಖಾಸಗಿ ಕಾಲೇಜುಗಳಲ್ಲಿ ಫೀಸು, ಬಾಡಿಗೆ, ಊಟ ಸೇರಿ ವರ್ಷಕ್ಕೇ 1 ಲಕ್ಷ ಡಾಲರ್ ದಾಟುತ್ತದೆ.

ಉಳಿದದ್ದಕ್ಕೆ ಮನೆಯಲ್ಲಿ ದುಡ್ಡಿರಬೇಕು, ಇಲ್ಲವೇ ಖಾಸಗಿ ಸಾಲ ಮಾಡಬೇಕು. ಖಾಸಗಿ ಸಾಲಕ್ಕೆ ಬಡ್ಡಿ ಜಾಸ್ತಿ ಬೀಳಬಹುದು, ಜಾಮೀನು ಕೇಳಬಹುದು. ಆದರೆ ದೊಡ್ಡ ತೊಡಕು ಬೇರೆಯೇ. 2007ರ ಕಾನೂನಿನಂತೆ ಸರ್ಕಾರಿ ಅಥವಾ ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತ 120 ಕಂತು, ಅಂದರೆ ಹತ್ತು ವರ್ಷ, ಕಟ್ಟಿದರೆ ಉಳಿದ ಸಾಲ ಮನ್ನಾ ಆಗುತ್ತದೆ. ಈ ಸಾಲ ಮನ್ನಾ ಸರ್ಕಾರಿ ಸಾಲಕ್ಕೆ ಮಾತ್ರ. ಖಾಸಗಿ ಸಾಲಕ್ಕೆ ಇಲ್ಲ. ದೊಡ್ಡ ಮೊತ್ತದ ಸಾಲವಿದ್ದೂ ಕಡಿಮೆ ಸಂಬಳದ ಕೆಲಸಕ್ಕೆ ಧೈರ್ಯ ಮಾಡುತ್ತಿದ್ದವರ ಊರುಗೋಲೇ ಈ ಮನ್ನಾ. ಸಾಲದ ಒಂದು ಪಾಲು ಅದರ ಹೊರಗೆ ಹೋದ ಕೂಡಲೇ 60 ಸಾವಿರದ ಕೆಲಸ ಲೆಕ್ಕಕ್ಕೆ ಕೂರುವುದಿಲ್ಲ. ಮುಂದೆ ಆ ಕೆಲಸ ಹಿಡಿಯಲಾಗದು ಎಂದು ಗೊತ್ತಿದ್ದವರು ಬೇಸಿಗೆಯನ್ನೂ ಅಲ್ಲಿ ಕಳೆಯುವುದಿಲ್ಲ.

ಮನ್ನಾಕ್ಕೂ ಅದೇ ದಿನ, ಅಂದರೆ 2026ರ ಜುಲೈ 1ಕ್ಕೆ, ಹೊಸ ನಿಯಮ ಗೊತ್ತುಮಾಡಿದ್ದಾರೆ. ಕಾನೂನುಬಾಹಿರ ಉದ್ದೇಶ ಗಣನೀಯವಾಗಿ ಇದೆ ಎಂದು ಶಿಕ್ಷಣ ಇಲಾಖೆ ತೀರ್ಮಾನಿಸಿದ ಸಂಸ್ಥೆಯ ನೌಕರರಿಗೆ ಮನ್ನಾ ಸಿಗುವುದಿಲ್ಲ. ಅಕ್ರಮ ವಲಸೆಗೆ ನೆರವು, ಭಯೋತ್ಪಾದನೆಗೆ ಬೆಂಬಲ ಇತ್ಯಾದಿ ಆ ಪಟ್ಟಿಯಲ್ಲಿವೆ. ವರ್ಷಕ್ಕೆ ಹತ್ತಕ್ಕಿಂತ ಕಡಿಮೆ ಸಂಸ್ಥೆಗಳಿಗೆ ಮಾತ್ರ ಇದು ತಾಗಬಹುದು ಎಂಬುದು ಇಲಾಖೆಯ ಅಂದಾಜು. ಹಲವು ರಾಜ್ಯಗಳು, ನಗರಗಳು, ಸಂಸ್ಥೆಗಳು ಕೋರ್ಟಿಗೆ ಹೋಗಿವೆ. ಹತ್ತೇ ಸಂಸ್ಥೆ ಇರಬಹುದು. ಆದರೆ ಹತ್ತು ವರ್ಷದ ಲೆಕ್ಕ ಹಾಕುತ್ತಿರುವ 24ರ ವಯಸ್ಸಿನವರಿಗೆ ಆ ಹತ್ತು ಯಾವುದು ಎಂದು ಮೊದಲೇ ಗೊತ್ತಾಗುವುದಿಲ್ಲ. ವಲಸಿಗರ ಕೇಸು ಹಿಡಿಯುವ ಕಚೇರಿಯಿಂದ ಜನ ಮೊದಲೇ ದೂರ ಸರಿಯಲು ಅಷ್ಟು ಸಂಶಯ ಸಾಕು.

ಸರ್ಕಾರದ ವಾದ

ಇನ್ನೊಂದು ಕಡೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಮಿತಿಯಿಲ್ಲದ ಸಾಲ ಸಿಕ್ಕರೆ ಕಾಲೇಜುಗಳು ಫೀಸು ಏರಿಸುತ್ತವೆ, ಸಾಲದ ಹೊರೆ ವಿದ್ಯಾರ್ಥಿಗೆ, ಮನ್ನಾದ ಹೊರೆ ತೆರಿಗೆದಾರರಿಗೆ ಎಂಬುದು ಮಿತಿ ಬೇಕೆನ್ನುವವರ ವಾದ. ಇದಕ್ಕೆ ಪೂರಕವಾದ ಸಂಶೋಧನೆಯೂ ಇದೆ. ಮಿತಿ ಘೋಷಣೆಯಾದ ಮೇಲೆ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಲಾ ಕಾಲೇಜು 2026ರಲ್ಲಿ ಸೇರುವ ಪೂರ್ಣಾವಧಿ ವಿದ್ಯಾರ್ಥಿಗಳಿಗೆಲ್ಲ 16,000 ಡಾಲರ್ ವಿದ್ಯಾರ್ಥಿವೇತನ ಕೊಡುವುದಾಗಿ ಹೇಳಿತು. ಅಂದರೆ ಒತ್ತಡ ಕೆಲಸ ಮಾಡುತ್ತದೆ. ಕಾನೂನು ನೆರವು ರಾಜ್ಯಗಳ, ದಾನಿಗಳ ಜವಾಬ್ದಾರಿ, ಕೇಂದ್ರದ್ದಲ್ಲ ಎಂಬ ವಾದವೂ ಹಳೆಯದು.

ಫೀಸಿನ ವಾದದಲ್ಲಿ ತೂಕ ಇದೆ. ರಾಜ್ಯ ಮತ್ತು ದಾನಿಗಳ ವಾದದಲ್ಲಿ ಅಷ್ಟಿಲ್ಲ. ಜಾಸ್ತಿ ಬಡವರಿರುವ ದಕ್ಷಿಣದ ಹಲವು ರಾಜ್ಯಗಳು ಇದಕ್ಕೆ ತಮ್ಮ ಬೊಕ್ಕಸದಿಂದ ಕೊಡುವುದು ತೀರಾ ಕಡಿಮೆ. ದಾನಿಗಳ ಹಣವೂ ಯಾರ ಮುಲಾಜಿಗೂ ಒಳಗಾಗದ ಹಣವಲ್ಲ. 2025ರಲ್ಲಿ ಟ್ರಂಪ್ ಕೆಲವು ದೊಡ್ಡ ಲಾ ಕಂಪನಿಗಳನ್ನು ದಂಡಿಸುವಂಥ ಆದೇಶ ಹೊರಡಿಸಿದಾಗ ನಾಲ್ಕು ಕಂಪನಿಗಳು ಕೋರ್ಟಿಗೆ ಹೋಗಿ ಗೆದ್ದವು. ಒಂಬತ್ತು ಕಂಪನಿಗಳು ರಾಜಿ ಮಾಡಿಕೊಂಡು, ಸರ್ಕಾರ ಮೆಚ್ಚುವ ಉದ್ದೇಶಗಳಿಗೆ ಒಟ್ಟು ಸುಮಾರು 94 ಕೋಟಿ ಡಾಲರ್ ಮೌಲ್ಯದ ಉಚಿತ ಸೇವೆ ಕೊಡಲು ಒಪ್ಪಿದವು. ಅವುಗಳಲ್ಲಿ ಒಂದು ಸ್ಕ್ಯಾಡನ್. ಓದು ಮುಗಿಸಿ ಬಡವರ ಪರ ಕೆಲಸಕ್ಕೆ ಇಳಿಯುವವರಿಗೆ ಈ ಕಂಪನಿ 1988ರಿಂದ ಎರಡು ವರ್ಷದ ಫೆಲೋಶಿಪ್ ಕೊಡುತ್ತಿದೆ. ರಾಜಿಯ ಪ್ರಕಾರ ವರ್ಷಕ್ಕೆ ಕನಿಷ್ಠ ಐದು ಫೆಲೋಗಳು ಮಾಜಿ ಸೈನಿಕರ ನೆರವಿನಂಥ ಗೊತ್ತುಪಡಿಸಿದ ಕೆಲಸಗಳಿಗೆ ಹೋಗಬೇಕು. ಮಾಜಿ ಸೈನಿಕರಿಗೆ ನೆರವು ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ಬಡವರ ಯಾವ ಕೇಸು ನಡೆಯಬೇಕು ಎಂಬುದರಲ್ಲಿ ಸರ್ಕಾರದ ಕೈ ದಾನದ ಹಣದವರೆಗೂ ಚಾಚಿತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ನಮ್ಮವರಿಗೆ ಇದರ ಸಂಬಂಧ

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಎಚ್-1ಬಿ ವೀಸಾದವರಿಗೆ ಎಲ್‌ಎಸ್‌ಸಿ ಹಣದ ಕಚೇರಿಗಳು ಸಾಮಾನ್ಯವಾಗಿ ನೆರವು ಕೊಡುವಂತಿಲ್ಲ. ಒಂದು ಮುಖ್ಯ ವಿನಾಯಿತಿ ಇದೆ. ಮನೆಯಲ್ಲಿ ಹಿಂಸೆ ಅನುಭವಿಸುವ ಹೆಂಗಸಿಗೆ ವೀಸಾ ಯಾವುದೇ ಇರಲಿ, ಆ ಹಿಂಸೆಗೆ ಸಂಬಂಧಿಸಿದ ಕೇಸಿನಲ್ಲಿ ನೆರವು ಸಿಗಬಹುದು. ಆಗ ಹಿಂಸೆ ಕೊಡುವ ಗಂಡನ ಸಂಬಳವನ್ನು ಅವಳ ಆದಾಯಕ್ಕೆ ಸೇರಿಸುವುದಿಲ್ಲ. ಗಂಡನ ವೀಸಾಕ್ಕೆ ಜೋಡಿಸಿದ ಎಚ್-4ನಲ್ಲಿ, ಸ್ವಂತ ದುಡಿಮೆ ಇಲ್ಲದೆ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಹೋಲಿಕೆಗೆ ನಮ್ಮ ಕಾನೂನನ್ನೂ ನೋಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಅದೂ ಸಿವಿಲ್ ಕೇಸಿಗೂ ಸೇರಿ. ಕಾಗದದ ಮೇಲೆ ಇದು ಅಮೆರಿಕಕ್ಕಿಂತ ದೊಡ್ಡ ಹಕ್ಕು. ವಿದ್ಯಾರ್ಥಿಗಳ ವಿಷಯದಲ್ಲಿ ನಮ್ಮ ನಿಯಮ ಬಿಗಿ: ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಸಂಬಳದ ಮಾತು ಆ ನಿಯಮದಲ್ಲಿ ಇಲ್ಲ. ಕೋರ್ಟಿನಲ್ಲಿ ವಾದಿಸುವ ಹಕ್ಕೂ ವಿದ್ಯಾರ್ಥಿಗಿಲ್ಲ.

2027ರ ಬೇಸಿಗೆ

ಪರಿಣಾಮ ತಕ್ಷಣ ಕಾಣುವುದಿಲ್ಲ. ಈಗಾಗಲೇ ಓದುತ್ತ ಗ್ರ್ಯಾಡ್ ಪ್ಲಸ್ ಸಾಲ ಪಡೆದವರು ಹಳೆಯ ನಿಯಮದಲ್ಲೇ ಮುಂದುವರಿಯಬಹುದು. ಹೊಸ ಮಿತಿ ತಾಗುವುದು 2026ರಲ್ಲಿ ಸೇರುವ ಬ್ಯಾಚಿಗೆ. ಅವರ ಮೊದಲ ಬೇಸಿಗೆ 2027ರದ್ದು. ಅವರು ವಕೀಲರಾಗಿ ಹೊರಬರುವುದು 2029ರಲ್ಲಿ.

ಅದೇ ಹೊತ್ತಿಗೆ ಕಚೇರಿಗಳ ಬಾಗಿಲಲ್ಲಿ ಜನ ಹೆಚ್ಚಾಗುವ ಸಾಧ್ಯತೆ ಇದೆ. ಸಾಲಕ್ಕೆ ಮಿತಿ ಹಾಕಿದ ಅದೇ ಕಾಯ್ದೆ ಬಡವರ ಆರೋಗ್ಯ ಯೋಜನೆ ಮೆಡಿಕೇಯ್ಡ್‌ಗೂ ಷರತ್ತು ಹಾಕಿದೆ. ದುಡಿಯುವ ವಯಸ್ಸಿನ ಅನೇಕ ಫಲಾನುಭವಿಗಳು ತಿಂಗಳಿಗೆ 80 ಗಂಟೆ ಕೆಲಸ ಅಥವಾ ಸಮಾಜಸೇವೆಯಂಥ ಚಟುವಟಿಕೆ ಮಾಡಿದ್ದನ್ನು ತೋರಿಸಬೇಕು. ರಾಜ್ಯಗಳು ಇದನ್ನು 2027ರ ಜನವರಿ 1ರ ಹೊತ್ತಿಗೆ ಜಾರಿ ಮಾಡಬೇಕು. ಆಹಾರ ನೆರವಿನ ಕೆಲಸದ ಷರತ್ತು 64 ವರ್ಷದವರೆಗೂ ವಿಸ್ತರಿಸಿದೆ.

ಇಂಥ ಷರತ್ತು ಏನು ಮಾಡುತ್ತದೆ ಎಂಬುದಕ್ಕೆ ಆರ್ಕನ್ಸಾ ರಾಜ್ಯದ ಉದಾಹರಣೆ ಇದೆ. 2018ರಲ್ಲಿ ಅಲ್ಲಿ ಹೀಗೇ ಮಾಡಿದಾಗ ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ಮೆಡಿಕೇಯ್ಡ್ ಕಳೆದುಕೊಂಡರು. ಕೆಲಸ ಮಾಡುತ್ತಿದ್ದವರೂ ವರದಿ ಸಲ್ಲಿಸುವ ಗೊಂದಲದಲ್ಲಿ ಹೊರಬಿದ್ದರು. 2019ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಅದನ್ನು ತಡೆದರು. ಕೇಸು ನಡೆಸಿದವರಲ್ಲಿ ಲೀಗಲ್ ಏಡ್ ಆಫ್ ಆರ್ಕನ್ಸಾ ಎಂಬ ಸಂಸ್ಥೆಯೂ ಇತ್ತು. ಅದು ಎಲ್‌ಎಸ್‌ಸಿಯ ಹಣ ಪಡೆಯುವ ಸಂಸ್ಥೆ. ಆಗ ಷರತ್ತು ಬಂದದ್ದು ಆಡಳಿತದ ಅನುಮತಿಯಿಂದ, ಆದ್ದರಿಂದ ಕೋರ್ಟ್ ಅದನ್ನು ರದ್ದು ಮಾಡಲು ಸಾಧ್ಯವಾಯಿತು. ಈಗ ಸಂಸತ್ತೇ ಕಾನೂನು ಮಾಡಿದೆ. ಇಡೀ ಷರತ್ತನ್ನು ಒಂದೇ ಕೇಸಿನಲ್ಲಿ ಬೀಳಿಸುವುದು ಕಷ್ಟ. ಒಬ್ಬೊಬ್ಬರ ಅರ್ಜಿ ಹಿಡಿದು, ಒಂದೊಂದೇ ವಿಚಾರಣೆಯಲ್ಲಿ ಹೋರಾಡಬೇಕಾಗುತ್ತದೆ. ದಾಖಲೆ ಕೂಡಿಸಿ, ಗಡುವಿನೊಳಗೆ ಮೇಲ್ಮನವಿ ಬರೆಯುವ ಈ ಕೆಲಸದಲ್ಲಿ ದೊಡ್ಡ ಪಾಲು ಬೇಸಿಗೆಗೆ ಬರುವ ವಿದ್ಯಾರ್ಥಿಗಳು ಮಾಡಬಲ್ಲಂಥದ್ದು.